ಮರದ ಮೇಲಿನ ಹಗ್ಗದ ಹಾದಿ

ನೆಲದಿಂದ 25 ಅಡಿ ಮೇಲೆ, ಎರಡು ಮತ್ತಿ ಮರಗಳ ನಡುವೆ ಉಕ್ಕಿನ ಹಗ್ಗದ ಹಾದಿ. ಹಗ್ಗಕ್ಕೆ ತೂಗುಬಿದ್ದ ಹಲಗೆಗಳು ಒಂದೊಂದೂ ಒಂದೊಂದು ಕಡೆ ವಾಲುತ್ತವೆ. ಹತ್ತು ವರ್ಷದ ಹುಡುಗ ಮೂರನೆಯ ಹಲಗೆಯ ಮೇಲೆ ನಿಂತುಬಿಟ್ಟಿದ್ದಾನೆ. ಮುಂದಿನದಕ್ಕೆ ಕಾಲು ಚಾಚಲು ಧೈರ್ಯ ಸಾಲದು, ಹಿಂದಿರುಗಲು ಮನಸ್ಸಿಲ್ಲ. ಕೆಳಗೆ ತಾಯಿಯ ಕೈ ಎದೆಯ ಮೇಲಿದೆ. ‘ತಮ್ಮಾ, ಕೆಳಗ ನೋಡಬ್ಯಾಡ, ಮುಂದಿನ ಮರಾ ನೋಡ’ ಎಂದು ತಂದೆ ಕೂಗುತ್ತಾರೆ. ಹುಡುಗ ಬಲಗಾಲು ಚಾಚುತ್ತಾನೆ. ಹಲಗೆ ಜೋಲಿ ಹೊಡೆದು ನಿಲ್ಲುತ್ತದೆ.

ದಾಂಡೇಲಿ, ಜೋಯಿಡಾ, ಕೊಡಗು, ಬೆಂಗಳೂರಿನ ಸುತ್ತಲಿನ ರೆಸಾರ್ಟುಗಳಲ್ಲಿ ರಜೆಯ ದಿನಗಳಲ್ಲಿ ಕಾಣುವ ನೋಟ ಇದು. ಇದಕ್ಕೆ ರೋಪ್ ಕೋರ್ಸ್ ಎಂದು ಹೆಸರು. ಮರದಿಂದ ಮರಕ್ಕೆ, ಅಥವಾ ಕಂಬದಿಂದ ಕಂಬಕ್ಕೆ, ಹಲಗೆ ಸೇತುವೆ, ಬಲೆ, ಉಯ್ಯಾಲೆ, ಒಂಟಿ ಹಗ್ಗದ ನಡಿಗೆ ಒಂದರ ನಂತರ ಒಂದು ಬರುತ್ತವೆ. ಕೊನೆಗೆ ಸಾಮಾನ್ಯವಾಗಿ ಜಿಪ್‌ಲೈನ್‌ನಲ್ಲಿ ಜಾರಿ ನೆಲಕ್ಕೆ ಬರುವುದು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕುಟುಂಬಗಳು ಖಾನಾಪುರ ದಾಟಿ ಕಾಡಿನ ಕಡೆ ಹೊರಟಾಗ ಮಕ್ಕಳು ಮೊದಲು ಕೇಳುವುದೂ ಇದನ್ನೇ. ಹಿರಿಯರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಮಗು ಬಿದ್ದರೆ?

ಎತ್ತರವೇ ಅಪಾಯವಲ್ಲ

ಈ ಪ್ರಶ್ನೆಗೆ ಉತ್ತರ ಹುಡುಕಲು ಗೋಕಾಕ ಫಾಲ್ಸ್‌ನಿಂದಲೇ ಹೊರಡಬಹುದು. ಅಲ್ಲಿ ಘಟಪ್ರಭೆ ಕುದುರೆ ಲಾಳದಾಕಾರದ ಮರಳುಗಲ್ಲಿನ ಅಂಚಿನಿಂದ 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಜಲಪಾತದ ಮೇಲ್ಗಡೆ ಸುಮಾರು 200 ಮೀಟರ್ ಉದ್ದದ ತೂಗುಸೇತುವೆ ಇದೆ. ಕೆಳಗಿನ ಬಂಡೆಹಾಸಿನಿಂದ ಅದರ ಎತ್ತರ ಸುಮಾರು 14 ಮೀಟರ್. ಅಲ್ಲಿನ ಹತ್ತಿ ಗಿರಣಿಯ ಕಾಲದ ಈ ಸೇತುವೆಯ ಮೇಲೆ ಅಪ್ಪನ ಬೆರಳು ಹಿಡಿದು ಕಾಲಿಟ್ಟು, ನಡುಮಧ್ಯದಲ್ಲಿ ಅದು ತೂಗಿದಾಗ ಕೂಗಿಕೊಂಡವರು ಈ ಭಾಗದ ಮೂರು ನಾಲ್ಕು ತಲೆಮಾರಿನಲ್ಲೂ ಸಿಗುತ್ತಾರೆ.

ಆದರೆ ಫಾಲ್ಸ್‌ನಲ್ಲಿ ಜನರನ್ನು ನಿಜವಾಗಿ ಅಪಾಯಕ್ಕೆ ದೂಡುವುದು ಸೇತುವೆಗಿಂತ ಹೆಚ್ಚಾಗಿ ಬಂಡೆಯ ಅಂಚು. ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ, ನೀರು ನೋಡನೋಡುತ್ತಲೇ ಏರುತ್ತದೆ. ಅಲ್ಲಿಯೇ ಫೋಟೊಗೆಂದು ಮಕ್ಕಳನ್ನು ಅಂಚಿಗೆ ನಿಲ್ಲಿಸುವವರೂ ಇದ್ದಾರೆ. ಆ ಮಗುವಿನ ಮೈಗೆ ಯಾವ ಹಗ್ಗವೂ ಇರುವುದಿಲ್ಲ. ಮಾರ್ಕಂಡೇಯ ನದಿ ಎರಡು ಹಂತದಲ್ಲಿ ಧುಮುಕುವ ಗೊಡಚಿನಮಲ್ಕಿಯಲ್ಲೂ ಇದೇ ಕತೆ. ಕಾಡಿನ ರೋಪ್ ಕೋರ್ಸ್‌ನಲ್ಲಿ ಇದಕ್ಕೆ ತಿರುಗಾಮುರುಗಾ: ಮಗು ನಡುಗುತ್ತಿರುತ್ತದೆ, ಆದರೆ ಸರಿಯಾಗಿ ಕಟ್ಟಿದ್ದರೆ ಅದು ಬೀಳುವುದು ಒಂದೆರಡು ಅಡಿ ಮಾತ್ರ. ನೋಡುವುದಕ್ಕೆ ಭಯ ಹುಟ್ಟಿಸುವ ಜಾಗ ಒಂದು, ನಿಜಕ್ಕೂ ಅಪಾಯವಿರುವ ಜಾಗ ಇನ್ನೊಂದು. ಈ ವ್ಯತ್ಯಾಸ ತಿಳಿಯದೆ ಮಕ್ಕಳನ್ನು ಬಂಡೆಯಂಚಿಗೆ ಬಿಡುವುದು, ಮೈಗೆ ಹಾರ್ನೆಸ್ (ಸುರಕ್ಷತಾ ಪಟ್ಟಿ) ಕಟ್ಟಿ ಏರುವ ಹಾದಿಗೆ ಬೇಡವೆನ್ನುವುದು ನಡೆದೇ ಇದೆ.

ಎಲ್ಲಿಂದ ಬಂತು?

ಹಗ್ಗ ಮತ್ತು ಎತ್ತರವನ್ನು ಕಲಿಕೆಗೆ ಬಳಸುವ ಯೋಚನೆ ಪಶ್ಚಿಮದಲ್ಲಿ ಫ್ರಾನ್ಸಿನ ನೌಕಾ ಅಧಿಕಾರಿ ಜಾರ್ಜ್ ಎಬೆರ್ ಅವರಿಗೆ ಸಲ್ಲುತ್ತದೆ. ಮೊದಲ ಮಹಾಯುದ್ಧಕ್ಕೂ ಮುನ್ನವೇ ಅವರು ಹತ್ತುವುದು, ಜಿಗಿಯುವುದು, ಸಮತೋಲ ಕಾಯ್ದುಕೊಳ್ಳುವುದನ್ನು ತರಬೇತಿಯ ಭಾಗ ಮಾಡಿದ್ದರು. 1941ರಲ್ಲಿ ಕುರ್ಟ್ ಹಾನ್ ವೇಲ್ಸ್‌ನ ಅಬರ್ಡೋವಿಯಲ್ಲಿ ‘ಔಟ್‌ವರ್ಡ್ ಬೌಂಡ್’ ಶಾಲೆ ಆರಂಭಿಸಿದರು. 1971ರಲ್ಲಿ ಅಮೆರಿಕದಲ್ಲಿ ‘ಪ್ರಾಜೆಕ್ಟ್ ಅಡ್ವೆಂಚರ್’ ಇದನ್ನು ಸಾಮಾನ್ಯ ಶಾಲೆಗಳ ಅಂಗಳಕ್ಕೆ ತಂದಿತು. ಟಿಕೆಟ್ ಕೊಂಡು ಇಡೀ ಕುಟುಂಬ ಏರುವ ಮರದ ಪಾರ್ಕುಗಳು ಫ್ರಾನ್ಸಿನಲ್ಲಿ ಹಬ್ಬಿದ್ದು 1990ರ ದಶಕದಲ್ಲಿ.

ಕನ್ನಡ ನಾಡಿಗೆ ಹಗ್ಗದ ಸಾಹಸ ಹೊಸದಲ್ಲ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೇ ಶತಮಾನದ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮಲ್ಲರು ಕಂಬದ ಮೇಲೆ ಮಾಡುವ ತಾಲೀಮಿನ ಪ್ರಸ್ತಾಪವಿದೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ ಇಂದಿಗೂ ಮಲ್ಲಕಂಬಕ್ಕೆ ಹೆಸರಾದ ಊರು. ಹಗ್ಗದ ಮಲ್ಲಕಂಬದಲ್ಲಿ ಹುಡುಗಿಯರು ತೂಗುವ ಹಗ್ಗವನ್ನು ಕಾಲ್ಬೆರಳಿನ ಸಂದಿಯಲ್ಲಿ ಹಿಡಿದು, ಮೈಗೆ ಸುತ್ತಿ, ಗಾಳಿಯಲ್ಲೇ ಆಸನ ಕಟ್ಟುತ್ತಾರೆ. ರೋಪ್ ಕೋರ್ಸ್‌ನಲ್ಲಿ ದೇಹಕ್ಕೆ ಬೇಕಾಗುವ ಹಿಡಿತ, ಸಮತೋಲ, ಉಸಿರಿನ ಲಯ ಎಲ್ಲವೂ ಅದರಲ್ಲಿವೆ. ಇಂದಿನ ರೋಪ್ ಕೋರ್ಸ್ ಇದಕ್ಕೆ ಹೊಸದಾಗಿ ಸೇರಿಸಿದ್ದು ಒಂದು: ತರಬೇತಿಯೇ ಇಲ್ಲದ ಮಗುವೂ ಏರಬಹುದಾದ ಸುರಕ್ಷತೆಯ ಏರ್ಪಾಟು.

ಸರ್ಕಾರದ ಕಡೆಯಿಂದ ರಾಜ್ಯದಲ್ಲಿ ಸಾಹಸ ತರಬೇತಿ ನೀಡುತ್ತಿರುವುದು ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ. ಬಾದಾಮಿಯ ಕೆಂಪು ಬಂಡೆಗಳ ಮೇಲೆ ಅದರ ಶಿಲಾರೋಹಣ ಶಿಬಿರಗಳು ನಡೆಯುತ್ತವೆ. ಜೋಯಿಡಾ ತಾಲ್ಲೂಕಿನ ಕುವೇಶಿಯಲ್ಲಿ ಅರಣ್ಯ ಇಲಾಖೆ ಕಟ್ಟಿದ, ಸುಮಾರು 30 ಅಡಿ ಎತ್ತರದ ‘ಕ್ಯಾನೊಪಿ ವಾಕ್’ ರಾಜ್ಯದಲ್ಲಿ ಮೊದಲನೆಯದು. ಇದು ರೋಪ್ ಕೋರ್ಸ್ ಅಲ್ಲ. ಎರಡೂ ಬದಿ ಬಲೆಯಿರುವ, ನಡೆದುಕೊಂಡು ಹೋಗುವ ಮರದೆತ್ತರದ ಹಾದಿ. ಎತ್ತರಕ್ಕೆ ಅಂಜುವ ಚಿಕ್ಕ ಮಕ್ಕಳಿಗೆ ಮೊದಲ ಹೆಜ್ಜೆಯಾಗಿ ಇಂಥದ್ದೇ ಒಳ್ಳೆಯದು.

ಹಗ್ಗದ ಲೆಕ್ಕ

ಮರಗಳ ನಡುವಿನ ಹಗ್ಗ ಸ್ವಲ್ಪ ಜೋತುಬಿದ್ದಿರುವುದನ್ನು ಕಂಡು ‘ಬಿಗಿಯಾಗಿ ಕಟ್ಟಿಲ್ಲ’ ಎಂದು ಗಾಬರಿಯಾಗುವವರು ಹಲವರು. ನಿಜ ಸಂಗತಿ ಇದಕ್ಕೆ ವಿರುದ್ಧ.

ಹತ್ತು ಮೀಟರ್ ಅಂತರದ ಎರಡು ಮರಗಳಿವೆ ಎನ್ನೋಣ. 80 ಕೆ.ಜಿ. ತೂಕದ ಮನುಷ್ಯ ನಡುವೆ ನಿಂತಾಗ ಹಗ್ಗ ಅರ್ಧ ಮೀಟರ್ ತಗ್ಗಿದರೆ, ಅದರಲ್ಲಿ ಉಂಟಾಗುವ ಸೆಳೆತ ಸುಮಾರು 400 ಕೆ.ಜಿ. ಭಾರಕ್ಕೆ ಸಮ. ಅದೇ ಹಗ್ಗವನ್ನು ಬಿಗಿದು, ಕಾಲು ಮೀಟರ್ ಮಾತ್ರ ತಗ್ಗುವಂತೆ ಮಾಡಿದರೆ ಸೆಳೆತ 800 ಕೆ.ಜಿ.ಗೆ ಏರುತ್ತದೆ. ಮನುಷ್ಯನ ತೂಕವನ್ನು ಹಗ್ಗ ಮೇಲಕ್ಕೆ ಎತ್ತಿ ಹಿಡಿಯಬೇಕು; ಆದರೆ ಅದು ಎಳೆಯುವುದು ಹೆಚ್ಚುಕಡಿಮೆ ಅಡ್ಡಕ್ಕೆ. ಹಗ್ಗ ನೇರವಾದಷ್ಟೂ ಮೇಲ್ಮುಖ ಪಾಲು ಕಡಿಮೆಯಾಗುತ್ತದೆ, ಆ ಕೊರತೆ ತುಂಬಲು ಸೆಳೆತ ಹೆಚ್ಚಬೇಕಾಗುತ್ತದೆ. ಆದ್ದರಿಂದ ತಿಳಿದು ಕಟ್ಟುವವರು ಹಗ್ಗಕ್ಕೆ ಬೇಕೆಂದೇ ಜೋಲು ಕೊಡುತ್ತಾರೆ.

ಆ ಸೆಳೆತವನ್ನೆಲ್ಲ ಹೊರುವುದು ಮರ. ಮರದ ಜೀವರಸ ಹರಿಯುವುದು ತೊಗಟೆಯ ಒಳಮೈಯಲ್ಲಿ. ಉಕ್ಕಿನ ಹಗ್ಗವನ್ನು ನೇರವಾಗಿ ಸುತ್ತಿದರೆ ಆ ಪದರ ನಜ್ಜಾಗಿ, ವರ್ಷಗಳಲ್ಲಿ ಮರವೇ ಒಣಗುತ್ತದೆ. ಒಳ್ಳೆಯ ಕೋರ್ಸ್‌ಗಳಲ್ಲಿ ಹಗ್ಗ ಮತ್ತು ಕಾಂಡದ ನಡುವೆ ಸುತ್ತಲೂ ಮರದ ಪಟ್ಟಿಗಳನ್ನು ನಿಲ್ಲಿಸಿರುತ್ತಾರೆ, ಕಾಂಡ ದಪ್ಪಗಾದಂತೆ ಸಡಿಲಿಸುತ್ತಾರೆ. ಹಗ್ಗ ತೊಗಟೆಯೊಳಗೆ ಹೂತುಹೋಗಿದ್ದು ಕಂಡರೆ, ಆ ಜಾಗದ ನಿರ್ವಹಣೆಯ ಬಗ್ಗೆ ಬೇರೆ ಸಾಕ್ಷಿ ಬೇಕಿಲ್ಲ. ಗೋಕಾಕದ ಗುಡ್ಡಗಳಂಥ ಕುರುಚಲು ಕಾಡಿನಲ್ಲಿ ಇಷ್ಟು ಭಾರ ತಡೆಯುವ ನೇರ ಎತ್ತರದ ಮರಗಳು ಸಿಗುವುದು ಕಷ್ಟ. ಅಂಥ ಕಡೆ ಉಕ್ಕಿನ ಕಂಬ ನೆಡುವುದೇ ಸರಿ.

ಉಕ್ಕಿನ ಹಗ್ಗ ಒಂದು ತಂತಿಯಲ್ಲ, ಹಲವು ತಂತಿಗಳ ಹೆಣಿಗೆ. ಅದು ಒಳಗಿನಿಂದ ಸವೆಯಬಲ್ಲದು. ಗುಜರಾತಿನ ಮೋರ್ಬಿಯ ತೂಗುಸೇತುವೆ 2022ರ ಅಕ್ಟೋಬರ್ 30ರಂದು, ದುರಸ್ತಿಯ ನಂತರ ತೆರೆದ ಕೆಲವೇ ದಿನಗಳಲ್ಲಿ ಕಡಿದುಬಿತ್ತು. 135 ಜನ ಸತ್ತರು. ಅವರಲ್ಲಿ ಮಕ್ಕಳೂ ಬಹಳ. ಮುಖ್ಯ ಹಗ್ಗದಲ್ಲಿ ಏಳು ಎಳೆ, ಎಳೆಗೆ ಏಳರಂತೆ 49 ತಂತಿಗಳಿದ್ದವು. ಅವುಗಳಲ್ಲಿ 22 ತುಕ್ಕು ಹಿಡಿದಿದ್ದು, ಮೊದಲೇ ಕಡಿದಿರಬಹುದು ಎಂದು ತನಿಖಾ ತಂಡ ಹೇಳಿತು. ಮಿತಿ ಮೀರಿ ಜನರನ್ನು ಬಿಟ್ಟಿದ್ದು ಇನ್ನೊಂದು ಕಾರಣ. ಒಂದು ಹಾದಿಯ ಮೇಲೆ ಒಮ್ಮೆಗೆ ಎಷ್ಟು ಜನ ಎಂಬ ಫಲಕಕ್ಕೆ ಎಷ್ಟು ಬೆಲೆಯಿದೆ ಎಂಬುದು ಅಂದು ದೇಶಕ್ಕೆಲ್ಲ ತಿಳಿಯಿತು.

ಎರಡು ಕೊಂಡಿಗಳು

ಹಗ್ಗದ ಹಾದಿಯಲ್ಲಿ ಮಗುವಿನ ಜೀವ ಕಾಯುವುದು ಕಾಲ ಕೆಳಗಿನ ಹಲಗೆಯಲ್ಲ, ತಲೆಯ ಮೇಲಿನ ಇನ್ನೊಂದು ಉಕ್ಕಿನ ಹಗ್ಗ. ಮೈಗೆ ಕಟ್ಟಿದ ಹಾರ್ನೆಸ್‌ನಿಂದ ಎರಡು ಗಿಡ್ಡ ಹಗ್ಗಗಳು ಹೊರಟು, ತುದಿಯ ಕೊಂಡಿಗಳಿಂದ ಆ ಮೇಲಿನ ಹಗ್ಗಕ್ಕೆ ಸಿಕ್ಕಿಕೊಂಡಿರುತ್ತವೆ. ಈ ಕೊಂಡಿಯೇ ಕ್ಯಾರಬೀನರ್. ಹಲಗೆ ತಪ್ಪಿದರೂ ಮಗು ಕೊಂಡಿಯಲ್ಲಿ ನೇತಾಡುತ್ತದೆ, ನೆಲಕ್ಕೆ ಬೀಳುವುದಿಲ್ಲ.

ಕಂಬ ಹತ್ತುವ ಲೈನ್‌ಮನ್‌ನ ಸೊಂಟದ ಬೆಲ್ಟ್ ಇದೇ ಕುಲದ್ದು. 1969ರಿಂದ ಸಹಕಾರ ಸಂಘವೇ ಮನೆಮನೆಗೆ ವಿದ್ಯುತ್ ಕೊಡುತ್ತಿರುವ ಹುಕ್ಕೇರಿಯಲ್ಲಿ ಆ ಬೆಲ್ಟಿನ ಬೆಲೆ ತಿಳಿಯದ ಮನೆ ಇರಲಾರದು. ಕಂಬದ ಮೇಲೆ ಎರಡೂ ಕೈ ಕೆಲಸಕ್ಕೆ ಬೇಕು, ಆದ್ದರಿಂದ ಮೈಯನ್ನು ಬೆಲ್ಟಿಗೆ ಒಪ್ಪಿಸಬೇಕು. ಮಗು ಕಲಿಯುವುದೂ ಅಷ್ಟೇ: ಹಗ್ಗಕ್ಕೆ ಮೈಭಾರ ಬಿಟ್ಟು ನಂಬುವುದು.

ಒಂದು ಕ್ಯಾರಬೀನರನ್ನು ಕೈಗೆತ್ತಿಕೊಂಡು ನೋಡಬೇಕು. ಅಂಗೈಯಷ್ಟು ಉದ್ದ, ಮೊಟ್ಟೆಯಾಕಾರ ಅಥವಾ ಒಂದು ತುದಿ ಅಗಲ. ಒಂದು ಬದಿಯಲ್ಲಿ ಒಳಕ್ಕೆ ತೆರೆಯುವ ಪುಟ್ಟ ಬಾಗಿಲು, ಅದರ ಮೇಲೆ ತಿರುಗಿಸಿ ಬಿಗಿಯುವ ತೋಳು. ಬೆನ್ನಿನ ಮೇಲೆ ಅಂಕಿಗಳನ್ನು ಕೆತ್ತಿರುತ್ತಾರೆ. 22 ಕಿಲೋನ್ಯೂಟನ್ ಎಂದಿದ್ದರೆ ಉದ್ದಕ್ಕೆ ಎಳೆದಾಗ ಸುಮಾರು 2,200 ಕೆ.ಜಿ. ತಡೆಯುತ್ತದೆ ಎಂದರ್ಥ. ಪಕ್ಕದಲ್ಲೇ ಅಡ್ಡ ಬಾಣದ ಗುರುತಿನ ಎದುರು 7 ಅಥವಾ 8 ಎಂದಿರುತ್ತದೆ: ಅಡ್ಡಕ್ಕೆ ಭಾರ ಬಿದ್ದರೆ ತಡೆಯುವ ಶಕ್ತಿ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಯಾವ ಅಂಕಿಯೂ ಇಲ್ಲದ, ಕೀಲಿಗೊಂಚಲಿಗೆ ಹಾಕುವಂಥ ಕೊಂಡಿ ಕಂಡರೆ ಟಿಕೆಟ್ ಹಣ ಹೋದರೂ ಚಿಂತೆಯಿಲ್ಲ, ಮಗುವನ್ನು ಏರಿಸಬಾರದು.

ಕೊಂಡಿ ಎರಡು ಇರುವುದಕ್ಕೆ ಕಾರಣವಿದೆ. ಒಂದು ಮರ ತಲುಪಿದಾಗ ಹಳೆಯ ಹಗ್ಗದಿಂದ ಕೊಂಡಿ ಬಿಚ್ಚಿ ಹೊಸ ಹಗ್ಗಕ್ಕೆ ಹಾಕಬೇಕು. ಒಂದೇ ಕೊಂಡಿಯಿದ್ದರೆ ಆ ಒಂದು ಕ್ಷಣ ಮಗು ಗಾಳಿಗೆ ಬಿಟ್ಟಂತೆ. ಎರಡಿದ್ದರೆ ಮೊದಲನೆಯದನ್ನು ಬದಲಿಸುವಾಗ ಎರಡನೆಯದು ಹಿಡಿದಿರುತ್ತದೆ. ಆದರೆ ಮಕ್ಕಳು ಮರೆಯುತ್ತಾರೆ. ಎದುರಿನ ಉಯ್ಯಾಲೆ ಕಂಡ ಉತ್ಸಾಹದಲ್ಲಿ ಎರಡನ್ನೂ ಒಟ್ಟಿಗೆ ಬಿಚ್ಚಿಬಿಡುತ್ತಾರೆ. ಈ ತಪ್ಪಿಗೆ ಅವಕಾಶವೇ ಇಲ್ಲದಂತೆ, ಒಂದು ಕೊಂಡಿ ಮುಚ್ಚಿದ ಮೇಲಷ್ಟೇ ಇನ್ನೊಂದು ತೆರೆಯುವ ಜೋಡಿಗಳು ಬಂದಿವೆ. ಅದಕ್ಕಿಂತ ಉತ್ತಮವೆಂದರೆ ಮೊದಲ ಮರದಲ್ಲಿ ಸಿಕ್ಕಿಸಿದ ರಾಟೆ ಕೊನೆಯ ಮರದವರೆಗೂ ಕಳಚದೆ ಸಾಗುವ ಏರ್ಪಾಟು. ಹನ್ನೆರಡಕ್ಕಿಂತ ಚಿಕ್ಕ ಮಕ್ಕಳಿಗೆ ಈ ಎರಡರಲ್ಲಿ ಒಂದು ಇರಲೇಬೇಕು ಎನ್ನುವುದು ಅತಿಯಾದ ಎಚ್ಚರಿಕೆಯಲ್ಲ. ಕೈಯಾರೆ ಬದಲಿಸುವ ಕೊಂಡಿಗಳೇ ಇದ್ದರೆ ಪ್ರತಿ ಮರದ ಬಳಿ ಒಬ್ಬ ತರಬೇತುದಾರ ನಿಂತಿರಬೇಕು.

ಹಾರ್ನೆಸ್‌ನ ವಿಷಯದಲ್ಲಿ ಚಿಕ್ಕವರಿಗೂ ದೊಡ್ಡವರಿಗೂ ವ್ಯತ್ಯಾಸವಿದೆ. ಚಿಕ್ಕ ಮಕ್ಕಳ ಸೊಂಟ ಸಪೂರ, ತಲೆಯ ಭಾರ ಹೆಚ್ಚು. ಸೊಂಟಕ್ಕಷ್ಟೇ ಕಟ್ಟಿದರೆ ತಲೆಕೆಳಗಾಗಿ ಜಾರುವ ಸಾಧ್ಯತೆ ಇದೆ. ಅವರಿಗೆ ಹೆಗಲಪಟ್ಟಿಯೂ ಇರುವ ಪೂರ್ತಿ ಮೈಯ ಹಾರ್ನೆಸ್ ಬೇಕು. ಪಟ್ಟಿಯ ಕೆಳಗೆ ಚಪ್ಪಟೆಯಾಗಿ ಎರಡು ಬೆರಳು ತೂರಬೇಕು, ಮುಷ್ಟಿ ತೂರಬಾರದು. ಜಡೆಯನ್ನು ಕಟ್ಟಿ ಅಂಗಿಯೊಳಗೆ ಸೇರಿಸಬೇಕು. ದುಪಟ್ಟಾ, ಬಳೆ, ಸರ ಕೆಳಗೇ ಉಳಿಯಬೇಕು. ಚಪ್ಪಲಿ ನಡೆಯುವುದಿಲ್ಲ, ಬೂಟು ಬೇಕು.

ಕಾಲು ನಡುಗುವುದೇಕೆ?

ಎತ್ತರದ ಭಯ ದೌರ್ಬಲ್ಯವಲ್ಲ, ಮನುಷ್ಯನಿಗೆ ಎಳವೆಯಲ್ಲೇ ಬರುವ ಎಚ್ಚರ. ಅಮೆರಿಕದ ಎಲೀನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ 1960ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಂಬೆಗಾಲಿಡುವ ಕೂಸುಗಳ ಮುಂದೆ ಗಾಜು ಹಾಸಿ, ಅದರ ಕೆಳಗೆ ಕಂದಕ ಕಾಣುವಂತೆ ಮಾಡಿದ್ದರು. ಆಚೆ ಬದಿಯಿಂದ ತಾಯಿ ಕರೆದರೂ ಹೆಚ್ಚಿನ ಕೂಸುಗಳು ಆ ಗಾಜಿನ ಮೇಲೆ ಬರಲಿಲ್ಲ.

ನಡುಕಕ್ಕೆ ಇನ್ನೊಂದು ಕಾರಣ ಕಣ್ಣು. ನೆಲದ ಮೇಲೆ ನಿಂತಾಗ ಹತ್ತಿರದ ಗೋಡೆ, ಗಿಡ, ಕಲ್ಲು ಕಣ್ಣಿಗೆ ಕಾಣುತ್ತಿರುತ್ತವೆ. ಮೈ ಸ್ವಲ್ಪ ವಾಲಿದರೂ ಕಣ್ಣು ಅದನ್ನು ಗುರುತಿಸಿ ಸ್ನಾಯುಗಳಿಗೆ ತಿಳಿಸುತ್ತದೆ. ಎತ್ತರದಲ್ಲಿ ಹತ್ತಿರದ ವಸ್ತುಗಳೇ ಇಲ್ಲ. ವಾಲಿದ್ದು ತಡವಾಗಿ ತಿಳಿಯುತ್ತದೆ, ಮೈ ಹೆಚ್ಚು ತೂಗಾಡುತ್ತದೆ. ಅದಕ್ಕೇ ಕೆಳಗಿನ ನೆಲವನ್ನು ಬಿಟ್ಟು ಎದುರಿನ ಮರದ ಒಂದು ಗಂಟನ್ನೋ ಫಲಕವನ್ನೋ ನೋಡಬೇಕು. ಗೋಕಾಕದ ಸೇತುವೆಯ ಮೇಲೆ ಹಿರಿಯರು ‘ಮುಂದ ನೋಡಿ ನಡಿ’ ಎಂದು ಹೇಳುತ್ತ ಬಂದದ್ದು ಶಾಸ್ತ್ರಕ್ಕೂ ಸರಿಯಾದ ಮಾತು.

ಮಗು ನಡುದಾರಿಯಲ್ಲಿ ನಿಂತುಬಿಟ್ಟರೆ ಕೆಳಗಿನಿಂದ ನಾಲ್ಕು ಜನ ನಾಲ್ಕು ಮಾತು ಕೂಗಬಾರದು. ತರಬೇತುದಾರರೊಬ್ಬರೇ ಮಾತಾಡಲಿ, ಮನೆಯವರು ಸುಮ್ಮನಿರಲಿ. ‘ಹೆದರುಪುಕ್ಕ’ ಎಂಬ ಮಾತು ಮಗುವಿಗೆ ಮಾಡುವ ಅನ್ಯಾಯ. ‘ಬೇಡ, ಇಳಿಯುತ್ತೇನೆ’ ಎಂದರೆ ಇಳಿಸಬೇಕು. ಇಳಿಸಲು ಬೇಕಾದ ಹಗ್ಗ, ರಾಟೆ, ತಿಳಿದ ಮನುಷ್ಯ ಸ್ಥಳದಲ್ಲೇ ಇರಬೇಕು. ಹಾರ್ನೆಸ್‌ನಲ್ಲಿ ಅಲುಗಾಡದೆ ಬಹಳ ಹೊತ್ತು ನೇತಾಡಿದರೆ ಕಾಲಿನಲ್ಲಿ ರಕ್ತ ನಿಂತು ತಲೆ ತಿರುಗಬಹುದು. ಆದ್ದರಿಂದ ಕೆಳಗಿಳಿಸುವ ಕೆಲಸ ನಿಮಿಷಗಳಲ್ಲಿ ಆಗಬೇಕು.

ನಿಯಮ ಏನು ಹೇಳುತ್ತದೆ?

ಯುರೋಪಿನಲ್ಲಿ ರೋಪ್ ಕೋರ್ಸ್‌ಗಳಿಗೆಂದೇ ಇಎನ್ 15567 ಎಂಬ ಮಾನದಂಡವಿದೆ. ಒಂದು ಭಾಗ ಕಟ್ಟುವುದಕ್ಕೆ, ಇನ್ನೊಂದು ನಡೆಸುವುದಕ್ಕೆ. ದಿನದ ಮೊದಲ ಮಗು ಏರುವ ಮುನ್ನ ಕೋರ್ಸ್ ಪರೀಕ್ಷಿಸಬೇಕು, ಪರಿಣತರು ನಿಯತ ಕಾಲಕ್ಕೆ ಪೂರ್ತಿ ತಪಾಸಣೆ ಮಾಡಬೇಕು ಎನ್ನುವುದು ಅದರ ಸಾರ. ಭಾರತದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಮತ್ತು ಸಾಹಸ ಪ್ರವಾಸ ಸಂಘಟಕರ ಒಕ್ಕೂಟ 2018ರಲ್ಲಿ ಹೊರತಂದ ಮಾರ್ಗಸೂಚಿಗಳು ಜಿಪ್‌ಲೈನ್ ಹಾಗೂ ಎತ್ತರದ ಹಗ್ಗದ ಹಾದಿಗಳನ್ನೂ ಒಳಗೊಂಡಿವೆ. ಮಾರ್ಗಸೂಚಿಗೆ ಕಾನೂನಿನ ಬಿಗಿ ಇಲ್ಲ. 2024ರ ಮೇ ತಿಂಗಳಲ್ಲಿ ಆಗಿನ ರಾಮನಗರ ಜಿಲ್ಲೆಯ ಹಾರೋಹಳ್ಳಿ ಬಳಿಯ ರೆಸಾರ್ಟ್ ಒಂದರಲ್ಲಿ ಜಿಪ್‌ಲೈನ್ ಕಡಿದು ಮಹಿಳೆಯೊಬ್ಬರು ಸತ್ತರು. ಇಂಥ ಸಾವಿನ ನಂತರ ಕೆಲವು ದಿನ ತಪಾಸಣೆ ನಡೆಯುತ್ತದೆ. ಅದು ವರ್ಷವಿಡೀ ನಡೆಯಬೇಕಾದ ಕೆಲಸ.

ಹಾಗಾಗಿ ಪ್ರಶ್ನೆ ಕೇಳುವ ಹೊಣೆ ಮನೆಯವರ ಮೇಲೂ ಬೀಳುತ್ತದೆ. ಇಂದು ಬೆಳಗ್ಗೆ ಹಗ್ಗ ಪರೀಕ್ಷಿಸಿದವರು ಯಾರು, ಅದನ್ನು ಬರೆದಿಟ್ಟ ಪುಸ್ತಕ ಎಲ್ಲಿ, ಹಾರ್ನೆಸ್ ಯಾವ ವರ್ಷದ್ದು, ಮಗು ಸಿಕ್ಕಿಕೊಂಡರೆ ಇಳಿಸುವವರು ಯಾರು ಎಂದು ಕೇಳಿದರೆ ಸರಿಯಾಗಿ ನಡೆಸುವವರು ಬೇಸರಪಡುವುದಿಲ್ಲ, ತೋರಿಸುತ್ತಾರೆ. ಏರುವ ಮುನ್ನ ನೆಲದ ಹತ್ತಿರದ ಹಗ್ಗದಲ್ಲಿ ಪ್ರತಿ ಮಗುವಿನಿಂದಲೂ ಕೊಂಡಿ ಹಾಕಿಸಿ, ಬಿಚ್ಚಿಸಿ ನೋಡುವ ಕ್ರಮ ಇದೆಯೇ ಎಂಬುದನ್ನು ಗಮನಿಸಬೇಕು. ಆ ಕ್ರಮವಿಲ್ಲದ ಕಡೆ ಉಳಿದದ್ದೂ ಸಡಿಲವಾಗಿರುತ್ತದೆ. ವಯಸ್ಸಿಗಿಂತ ಎತ್ತರವೇ ಮುಖ್ಯ ಅಳತೆ: ಕೈ ಎತ್ತಿದರೆ ಮೇಲಿನ ಹಗ್ಗ ಎಟುಕದ ಮಗುವಿಗೆ ಚಿಕ್ಕವರ ಹಾದಿಯೇ ಸರಿ. ಗುಡುಗು, ಮಿಂಚು, ಜೋರು ಗಾಳಿ ಇದ್ದಾಗ ಕೋರ್ಸ್ ಮುಚ್ಚಿರಬೇಕು. ಮಲೆನಾಡಿನ ಮಳೆಗಾಲದಲ್ಲಿ ಹಲವು ಹಾದಿಗಳು ಮುಚ್ಚಿಯೇ ಇರುತ್ತವೆ. ಹೊರಡುವ ಮುನ್ನ ಫೋನ್ ಮಾಡಿ ಕೇಳುವುದು ಒಳ್ಳೆಯದು.

ಊರಿನಲ್ಲೇ ತಯಾರಿ

ಕಬ್ಬಿನ ಸೀಮೆಯಾದ ಮೂಡಲಗಿಯಿಂದ ಹೊರಟ ಮಗು ಏಕಾಏಕಿ 25 ಅಡಿ ಮೇಲಿನ ಹಲಗೆ ಹತ್ತುವುದಕ್ಕಿಂತ, ಮೊದಲು ನೆಲದ ಹತ್ತಿರ ಅಭ್ಯಾಸ ಮಾಡುವುದು ಲೇಸು. ಇದಕ್ಕೆ ರೆಸಾರ್ಟ್ ಬೇಕಿಲ್ಲ. ಶಾಲೆಯ ಅಂಗಳದಲ್ಲೋ ತೋಟದಲ್ಲೋ ಐದಾರು ಮೀಟರ್ ಅಂತರದಲ್ಲಿ ಗಟ್ಟಿಮುಟ್ಟಾದ ಎರಡು ಬೇವು ಅಥವಾ ಹುಣಸೆ ಮರಗಳಿದ್ದರೆ ಸಾಕು. ಕಾಂಡಕ್ಕೆ ಗೋಣಿಚೀಲದ ನಾಲ್ಕು ಮಡಿಕೆ ಸುತ್ತಿ, ಅದರ ಮೇಲೆ ಅಗಲ ಪಟ್ಟಿಯ ಹಗ್ಗವನ್ನು ದೊಡ್ಡವರ ಮೊಣಕಾಲಿಗಿಂತ ಮೇಲೆ ಹೋಗದಂತೆ ಕಟ್ಟಬೇಕು. ಎದೆಮಟ್ಟಕ್ಕೆ ಹಿಡಿಯಲು ಇನ್ನೊಂದು ಹಗ್ಗ. ಕೆಳಗಿನ ಕಲ್ಲು, ಬೇರು ತೆಗೆದು ಮರಳು ಹರಡಬೇಕು. ಮೊದಲ ದಿನ ಎರಡೂ ಕೈ ಮೇಲಿನ ಹಗ್ಗದ ಮೇಲೆ, ಆಮೇಲೆ ಒಂದು ಕೈ, ಆಮೇಲೆ ದೊಡ್ಡವರ ಹೆಗಲು ಹಿಡಿದು. ದೊಡ್ಡವರೊಬ್ಬರು ಪಕ್ಕದಲ್ಲೇ ನಡೆಯಬೇಕು. ಒಮ್ಮೆಗೆ ಒಂದೇ ಮಗು ಹಗ್ಗದ ಮೇಲಿರಬೇಕು. ಆಟ ಮುಗಿದ ಮೇಲೆ ಹಗ್ಗ ಬಿಚ್ಚಿಡಬೇಕು. ಕತ್ತಲಲ್ಲಿ ಓಡುವ ಮಕ್ಕಳ ಕಾಲಿಗೂ ದನಗಳ ಕಾಲಿಗೂ ಅದು ತೊಡಕು, ಬಿಸಿಲಿಗೆ ನೈಲಾನ್ ಹಗ್ಗವೂ ಬೇಗ ಸವೆಯುತ್ತದೆ.